ಮುರಿಗೇಂದ್ರಪ್ಪನವರ ಎರಡನೇ ಮೂಗು

ಬೆಳಗಿನ ಏಳು ಗಂಟೆಗೆ ಸರಿಯಾಗಿ, ದಾವಣಗೆರೆಯ ಒಂದು ಮನೆಯ ಅಡುಗೆಕಟ್ಟೆಯ ಮೇಲೆ, ಉಪ್ಪಿನಕಾಯಿ ಜಾಡಿಗೂ ಮಿಕ್ಸಿಗೂ ನಡುವೆ ಕುಳಿತಿದ್ದ ಬಿಳಿ ಡಬ್ಬಿಯೊಂದು ಕಣ್ಣು ಬಿಟ್ಟಿತು. ಕಣ್ಣೆಂದರೆ ಹೆಸರುಕಾಳಿನಷ್ಟು ದೊಡ್ಡ ದೀಪ.

"ಶುಭೋದಯ, ಮುರಿಗೇಂದ್ರಪ್ಪನವರೇ. ರಾತ್ರಿ ಚೆನ್ನಾಗಿ ನಿದ್ರಿಸಿದಿರಾ? ದಯವಿಟ್ಟು ಇಂದಿನ ವಾಕ್ಯವನ್ನು ಉಚ್ಚರಿಸಿ," ಎಂದಿತು ಡಬ್ಬಿ. ಅದರ ಕನ್ನಡಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದಂತಿತ್ತು. ಎಲ್ಲಿಯೂ ಒಂದು ಸುಕ್ಕಿಲ್ಲ.

"ನಮ್ಮ ಮನೆಯ ಅಂಗಳದಲ್ಲಿ ಮಂಗಣ್ಣ ನೆನ್ನೆ ಅನ್ನ ನುಂಗಿದನು!" ಎಂದು ಗಡಸು ಗಂಡುದನಿಯೊಂದು ಉತ್ತರಿಸಿತು. ಮಂಗಣ್ಣನ ಮೇಲೆ ಸಮನ್ಸ್ ಜಾರಿಯಾದಂತಿತ್ತು ಆ ಗತ್ತು.

"ಧನ್ಯವಾದಗಳು. ಹದಿನೆಂಟನೆಯ ದಿನದ ಹಾಜರಿ ಆಯಿತು. ಎಲ್ಲವೂ ಕ್ಷೇಮ." ದೀಪ ಹಸಿರಾಯಿತು.

ಮುರಿಗೇಂದ್ರಪ್ಪನವರು ಊಟದ ಮೇಜಿನ ಮುಂದೆ ತುಟಿ ಬಿಗಿದು ಕುಳಿತು ಬಿಸಿನೀರು ಗುಟುಕರಿಸುತ್ತಿದ್ದರು. ವಾಕ್ಯ ಹೇಳಿದವರು ಅವರಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ ಸರ್ವಮಂಗಳಮ್ಮ, ಡಬ್ಬಿಯ ಕಡೆ ತಿರುಗಿಯೂ ನೋಡದೆ ಗಂಡನ ದನಿ ತೆಗೆದು, ಹೇಳಿ, ಆ ದನಿಯನ್ನು ಮತ್ತೆ ಗಂಟಲೊಳಗೆ ಮಡಚಿಟ್ಟು, "ಚಟ್ನಿಪುಡಿಗೆ ಮೊಸರು ಬೇಕೋ, ಎಣ್ಣೆನೋ?" ಎಂದು ತಮ್ಮ ಸ್ವಂತ ದನಿಯಲ್ಲಿ ಕೇಳಿದರು. ಮುರಿಗೇಂದ್ರಪ್ಪನವರು ಎರಡು ಬೆರಳೆತ್ತಿದರು. ಎರಡೂ ಬೇಕು.

ಈ ಡಬ್ಬಿಯ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ಆ ಕಾಲದಲ್ಲಿ ಪ್ರತಿವರ್ಷ ಚಳಿ ಶುರುವಾಗುತ್ತಿದ್ದಂತೆ ಶ್ವಾಸಕೋಶಕ್ಕೆ ಬಡಿಯುವ ವೈರಾಣುರೋಗವೊಂದು ಬರುತ್ತಿತ್ತು. ಜನ ಅದನ್ನು ಮಾಗಿಜ್ವರ ಎಂದರು. ಮಾಗಿಜ್ವರದಿಂದ ಸಾಯುವವರು ಕಡಿಮೆಯಾಗಿದ್ದರು. ಅದಕ್ಕೆ ಒಳ್ಳೆಯ ಮದ್ದುಗಳಿದ್ದವು. ಆದರೆ ಶ್ವಾಸಕೋಶದ ಉರಿಯೂತ ಇಳಿಸಲು ಕೊಡುವ ಸ್ಟೀರಾಯ್ಡು, ರೋಗನಿರೋಧಕ ಶಕ್ತಿಯನ್ನು ಮಲಗಿಸಿ, ರಕ್ತದ ಸಕ್ಕರೆಯನ್ನು ಎಬ್ಬಿಸುತ್ತಿತ್ತು. ಸಿಹಿ ಇದ್ದು ಕಾವಲಿಲ್ಲದ ಮನೆಗೆ ಯಾರು ಬರುತ್ತಾರೆ? ಹಳೆಯ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟಿನ ದಾಯಾದಿಯೊಂದು ಬರುತ್ತಿತ್ತು. ಅದರ ಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತವೆ, ಎಲ್ಲರ ಮೂಗಿಗೂ ಹೋಗುತ್ತವೆ, ಗಟ್ಟಿಮುಟ್ಟಾದವರಲ್ಲಿ ಏನೂ ಮಾಡಲಾರವು. ಜ್ವರ ಬಿಟ್ಟು ಚೇತರಿಸಿಕೊಳ್ಳುತ್ತಿರುವವರ ಮೂಗಿನಲ್ಲಿ ಮಾತ್ರ ಅವು ಬೇರುಬಿಟ್ಟು, ಎಳೆಯೆಳೆಯಾಗಿ ರಕ್ತನಾಳದೊಳಕ್ಕೆ ನುಗ್ಗಿ, ಅಂಗುಳ, ದವಡೆ, ಕಣ್ಣು, ಕೊನೆಗೆ ಮೆದುಳಿನವರೆಗೂ ಹೋಗುತ್ತಿದ್ದವು. ಮೊದಲ ಒಂದೆರಡು ದಿನದಲ್ಲಿ ಹಿಡಿದರೆ ಮೂಗಿನ ಮೂಲಕವೇ ಕೆರೆದು ತೆಗೆಯಬಹುದು. ನಾಲ್ಕು ದಿನ ತಡವಾದರೆ ಅಂಗುಳವನ್ನೇ ಕತ್ತರಿಸಬೇಕಾಗುತ್ತಿತ್ತು. ಕೆಲವೊಮ್ಮೆ ಕಣ್ಣನ್ನೂ.

ಕಿವಿ-ಮೂಗು-ಗಂಟಲಿನ ವೈದ್ಯೆ ಡಾಕ್ಟರ್ ನಫೀಸಾ ಇದಕ್ಕಾಗಿಯೇ 'ದನಿಗಾವಲು' ಎಂಬ ಯಂತ್ರವನ್ನು ಕಂಡುಹಿಡಿದಿದ್ದರು. ಮುರಿಗೇಂದ್ರಪ್ಪನವರು ಮಾಗಿಜ್ವರದಿಂದ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಹೊರಟ ಸಂಜೆ, ಆಕೆಯೇ ಕುಳಿತು ಡಬ್ಬಿಯನ್ನು ತೋರಿಸಿದ್ದರು.

"ತಂಬೂರಿ ನೋಡೀರಲ್ಲ ಯಜಮಾನ್ರೇ? ತಂತಿ ಮೀಟಿದ್ರೆ ಕೆಳಗಿನ ಬುರುಡೆ ಗುಂಯ್ ಅಂತೈತೆ. ನಮ್ಮ ಮುಖದ ಮೂಳೆಯೊಳಗೂ ಅಂಥ ಟೊಳ್ಳು ಬುರುಡೆಗಳು ಅದಾವೆ. ಗಾಳಿಗೂಡು ಅಂತೀವಿ."

"ಇವರ ಮುಖದ ತುಂಬ ಬುರುಡೆನೇ ಇರೋದು ಅಂತ ನಂಗೆ ಮದುವೆ ಆದ ವಾರಕ್ಕೇ ಗೊತ್ತಾಗಿತ್ತು ಬಿಡ್ರಿ," ಎಂದರು ಸರ್ವಮಂಗಳಮ್ಮ.

ಡಾಕ್ಟರ್ ನಗು ತಡೆದುಕೊಂಡರು. "ಙ, ಞ, ಣ, ನ, ಮ ಅಂದಾಗ ಗಾಳಿ ಮೂಗಿನಾಗಿಂದ ಬರ್ತೈತಲ್ಲ, ಆಗ ಈ ಗೂಡುಗಳು ಮೊಳಗ್ತಾವೆ. ಒಳಗೆ ಬೂಷ್ಟು ಕೂತ್ರೆ ಮೊಳಗು ಮಂಕಾಗ್ತೈತೆ. ನಮ್ಮ ಕಿವಿಗೆ ಗೊತ್ತಾಗಲ್ಲ, ಡಬ್ಬಿಗೆ ಗೊತ್ತಾಗ್ತೈತೆ. ಈಗ ನಿಮ್ಮ ದನಿ ತುಂಬಿಸ್ಕೊಂತೀನಿ. ಇನ್ನು ನಲವತ್ತೆರಡು ದಿನ, ದಿನಾ ಬೆಳಿಗ್ಗೆ ಏಳಕ್ಕೆ ಈ ವಾಕ್ಯ ಹೇಳ್ರಿ ಸಾಕು. ಬೇರೆಯವರು ಹೇಳಿದ್ರೆ ಅದು ಒಪ್ಪಲ್ಲ, ಮನುಷ್ಯನ ಗುರುತು ಹಿಡೀತೈತೆ."

ಮುರಿಗೇಂದ್ರಪ್ಪನವರು ವಾಕ್ಯವನ್ನು ಓದಿ ಮುಖ ಗಂಟಿಕ್ಕಿದರು. "ಮಂಗಣ್ಣನಾ? ಮೂವತ್ತೊಂದು ವರ್ಷ ಕೋರ್ಟಿನಾಗೆ ಕೂಗಿದ ಬಾಯಿಂದ ಇದನ್ನ ಹೇಳಬೇಕಾ?"

ಅವರು ಜಿಲ್ಲಾ ನ್ಯಾಯಾಲಯದಲ್ಲಿ ಕಕ್ಷಿದಾರರ ಹೆಸರು ಕೂಗುವ ದಲಾಯತರು. ನ್ಯಾಯಾಲಯದ ಗೋಡೆಯ ತುಂಬ ಪರದೆಗಳು ಬಂದಿದ್ದವು, ಸಾಕ್ಷಿಗಳು ಮನೆಯಿಂದಲೇ ಬೆಳಕಿನ ರೂಪದಲ್ಲಿ ಬಂದು ಕಟಕಟೆಯಲ್ಲಿ ನಿಲ್ಲುತ್ತಿದ್ದರು. ಆದರೂ ಹೆಸರನ್ನು ಮೂರು ಸಲ ಮನುಷ್ಯನೇ ಬಾಯಿಬಿಟ್ಟು ಕೂಗಬೇಕೆಂಬ ನಿಯಮವನ್ನು ತೆಗೆಯುವುದನ್ನು ಎಲ್ಲರೂ ಮರೆತಿದ್ದರು. ಮುರಿಗೇಂದ್ರಪ್ಪನವರು ಕೂಗಿದರೆ ಎದುರಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ವಕೀಲರು ಲೋಟ ಇಟ್ಟು ಎದ್ದು ನಿಲ್ಲುತ್ತಿದ್ದರು. ನಿವೃತ್ತಿಗೆ ಇನ್ನು ಹತ್ತು ತಿಂಗಳಿತ್ತು. ಆ ಹತ್ತು ತಿಂಗಳೂ ತಾವೇ ಕೂಗಿ ಮುಗಿಸಬೇಕೆಂಬುದೊಂದೇ ಅವರ ಆಸೆ.

ಅಂಥವರಿಗೊಂದು ವ್ರತವಿತ್ತು. ದಿನದ ಮೊದಲ ಮಾತು ಕೋರ್ಟಿಗೆ ಸೇರಿದ್ದು. ಬೆಳಿಗ್ಗೆ ಎದ್ದಾಗಿನಿಂದ ಹನ್ನೊಂದು ಗಂಟೆಗೆ ಮೊದಲ ಹೆಸರು ಕೂಗುವವರೆಗೆ ಅವರು ಬಾಯಿ ಬಿಡುತ್ತಿರಲಿಲ್ಲ. ಕಾಫಿ ಬೇಕಾದರೆ ಲೋಟ ತಟ್ಟುವರು, ಟವೆಲು ಬೇಕಾದರೆ ಬಚ್ಚಲ ಬಾಗಿಲು ತಟ್ಟುವರು. ಮಾಗಿಜ್ವರಕ್ಕೆ ರಜೆ ಹಾಕಿದ್ದಾಗಲೂ ವ್ರತ ಬಿಡಲಿಲ್ಲ. ಮೊದಲ ದಿನ ಡಬ್ಬಿ ಶುಭೋದಯ ಹೇಳಿದಾಗ ಅವರು ಕ್ಯಾಲೆಂಡರಿನ ಹಿಂಬದಿಯಲ್ಲಿ 'ರಜೆ ನನಗೆ, ಗಂಟಲಿಗಲ್ಲ. ನೀನೇ ಹೇಳು' ಎಂದು ಬರೆದು ಹೆಂಡತಿಗೆ ಹಿಡಿದರು.

ಸರ್ವಮಂಗಳಮ್ಮನವರಿಗೆ ಅದು ಹೊಸ ಕೆಲಸವೇನಲ್ಲ. ಮದುವೆಯಾದ ಹೊಸದರಲ್ಲಿ, ಗಂಡ ಕೋರ್ಟಿಗೆ ಹೋದಾಗ, ಬಾಗಿಲು ತಟ್ಟುವ ಅಪರಿಚಿತರಿಗೆ ಮನೆಯಲ್ಲಿ ಗಂಡಸಿದ್ದಾನೆಂದು ತೋರಿಸಲು ಒಳಗಿನಿಂದಲೇ "ಯಾರದು? ಅರ್ಜಿ ಇದ್ರೆ ಬರವಣಿಗೆಯಲ್ಲಿ ಕೊಡಿ!" ಎಂದು ಅವರ ದನಿಯಲ್ಲಿ ಗುಡುಗಿ ಕಲಿತದ್ದು. ಆಮೇಲೆ ಅದು ಚಟವಾಯಿತು. ನಾದಿನಿಯರು, ಪಕ್ಕದ ಮನೆಯ ಮೇಷ್ಟ್ರು, ಕೆಟ್ಟುಹೋದ ಮಿಕ್ಸಿ, ಹೀಗೆ ಯಾರನ್ನೂ ಬಿಡಲಿಲ್ಲ. "ಒಬ್ಬೊಬ್ಬರ ಮಾತಿನಾಗೂ ಒಂದು ಡೊಂಕು ಇರ್ತೈತೆ. ಅದನ್ನ ಹಿಡಿದು ಎಳೆದ್ರಾತು, ಉಳಿದಿದ್ದೆಲ್ಲ ಹಿಂದೆ ಬರ್ತೈತೆ," ಎಂಬುದು ಅವರ ಸೂತ್ರ. ಮನುಷ್ಯನ ಗುರುತು ಹಿಡಿಯುವ ಡಬ್ಬಿ ಅವರನ್ನು ಮುರಿಗೇಂದ್ರಪ್ಪನೆಂದೇ ಒಪ್ಪಿಕೊಂಡಿತು. ಇಬ್ಬರೂ ಅದನ್ನು ಹಾಜರಿ ಹಾಕುವ ಶಾಸ್ತ್ರವೆಂದು ತಿಳಿದರು. ಕಾಲೇಜಿನಲ್ಲಿ ಗೆಳೆಯನ ಪರವಾಗಿ 'ಎಸ್ ಸರ್' ಎನ್ನುವುದಿಲ್ಲವೇ, ಹಾಗೆ.

ಹತ್ತೊಂಬತ್ತನೆಯ ದಿನ ದೀಪ ಹಸಿರಾಗಲಿಲ್ಲ.

"ದಯವಿಟ್ಟು ಇನ್ನೊಮ್ಮೆ ಉಚ್ಚರಿಸಿ."

ಸರ್ವಮಂಗಳಮ್ಮ ಸೌಟು ಕೆಳಗಿಟ್ಟು ಇನ್ನೊಮ್ಮೆ ಹೇಳಿದರು. ದೀಪ ಹಳದಿಯಾಯಿತು, ಮೂರನೆಯ ಸಲ ಹೇಳಿದಾಗ ಕೆಂಪಾಯಿತು. "ಮುರಿಗೇಂದ್ರಪ್ಪನವರೇ, ಗಾಬರಿಯಾಗಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ," ಎಂದು, ಯಾರಿಗಾದರೂ ಗಾಬರಿಯಾಗುವಂಥ ಸಮಾಧಾನದ ದನಿಯಲ್ಲಿ ಡಬ್ಬಿ ಹೇಳಿತು.

ಮುರಿಗೇಂದ್ರಪ್ಪನವರ ಕೈಯಿಂದ ಲೋಟ ಬಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಹನ್ನೊಂದು ಗಂಟೆಗೆ ಮುಂಚೆ ಬಾಯಿಬಿಟ್ಟರು. "ಮಂಗಳಾ! ನಿನ್ನ ಮೂಗು!"

"ನನ್ನ ಮೂಗಿಗೇನಾಗೈತೆ? ಈರುಳ್ಳಿ ಹೆಚ್ಚಿದ್ದೆ, ಅದಕ್ಕಿರಬೇಕು. ಬಿಡ್ರಿ."

"ಹೇಳಿದವಳು ನೀನು. ಕೆಂಪಾಗಿದ್ದು ನಿನಗೆ. ಸೀರೆ ಬದಲಾಯಿಸು, ಆಟೋ ಕರೀತೀನಿ."

"ಅಯ್ಯೋ, ಕರೆಯೋದು ಫೋನಿನಾಗೆ ಕರೀರಿ. ನೀವು ಬಾಯಿಂದ ಕರೆದ್ರೆ ಹರಿಹರದ ಆಟೋನೂ ಬರ್ತಾವೆ."

ಆಸ್ಪತ್ರೆಯಲ್ಲಿ ಡಾಕ್ಟರ್ ನಫೀಸಾ ಮುರಿಗೇಂದ್ರಪ್ಪನವರನ್ನು ಕುರ್ಚಿಯ ಕಡೆ ಎಳೆದರೆ, ಅವರು ಹೆಂಡತಿಯನ್ನು ಮುಂದೆ ತಳ್ಳಿದರು. "ಡಾಕ್ಟ್ರೇ, ಮೊದಲು ನನ್ನ ತಪ್ಪೊಪ್ಪಿಗೆ ಬರಕೊಳ್ರಿ. ಹತ್ತೊಂಬತ್ತು ದಿನದಿಂದ ಸುಳ್ಳು ಹಾಜರಿ. ನನ್ನ ಪರವಾಗಿ ಹೇಳ್ತಿದ್ದವಳು ಇವಳು. ಬೂಷ್ಟು ಇವಳ ಮೂಗಿನಾಗೆ ಐತೆ. ನನ್ನಿಂದ ಅಂಟಿತೋ ಏನೋ. ಇವಳನ್ನ ನೋಡ್ರಿ."

ಡಾಕ್ಟರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು. "ನಾನು ಐದು ವರ್ಷ ನಿದ್ದೆಗೆಟ್ಟು ಈ ಯಂತ್ರ ಮಾಡಿದ್ದು ಇದಕ್ಕಾ ಯಜಮಾನ್ರೇ? ಮಂಗಣ್ಣ ಅಂಗಳದಾಗಲ್ಲ, ಮನೆ ಒಳಗೇ ಅದಾನೆ ಅಂತ ನನಗೇನು ಗೊತ್ತು!"

"ಬೈಯ್ಯೋದು ಆಮೇಲೆ ಬೈರಿ. ಮೊದಲು ಇವಳ ಮೂಗು."

ತುದಿಯಲ್ಲಿ ದೀಪವಿರುವ ತೆಳ್ಳನೆಯ ಕೊಳವೆಯನ್ನು ಸರ್ವಮಂಗಳಮ್ಮನವರ ಮೂಗಿಗೆ ಇಳಿಸಿ ನೋಡಿದರು. ಒಳಗೆ ಹೊಸ ಮನೆಯ ಗೋಡೆಯಂತೆ ಶುಭ್ರ ಗುಲಾಬಿ ಬಣ್ಣ. ರಕ್ತದ ಸಕ್ಕರೆ ಗಡಿಯಲ್ಲಿತ್ತು, ಅಷ್ಟೆ. ಬೂಷ್ಟು ಅಂಟುವ ರೋಗವೇ ಅಲ್ಲ ಎಂದೂ ಡಾಕ್ಟರ್ ವಿವರಿಸಿದರು. ಆಮೇಲೆ ಮುರಿಗೇಂದ್ರಪ್ಪನವರನ್ನೇ ಆಸ್ಪತ್ರೆಯ ಡಬ್ಬಿಯ ಮುಂದೆ ಕೂರಿಸಿ ವಾಕ್ಯ ಹೇಳಿಸಿದರು. ಕಿಟಕಿಯ ಗಾಜು ಕಂಪಿಸುವಂತೆ ಅವರು ಮಂಗಣ್ಣನಿಗೆ ಅನ್ನ ನುಂಗಿಸಿದರು. ದೀಪ ಹಸಿರಾಯಿತು.

"ಅಬ್ಬ!" ಎಂದರು ಡಾಕ್ಟರ್. "ಇಬ್ಬರಿಗೂ ಏನಿಲ್ಲ. ಮಿಮಿಕ್ರಿ ಕೇಳಿ ಯಂತ್ರ ಗಲಿಬಿಲಿ ಆಗೈತೆ. ಮನೆಗೆ ಹೋಗ್ರಿ, ನಾಳೆಯಿಂದ ನೀವೇ ಹೇಳ್ರಿ."

ಮುರಿಗೇಂದ್ರಪ್ಪನವರು ಚಪ್ಪಲಿ ಮೆಟ್ಟಿದರು. ಸರ್ವಮಂಗಳಮ್ಮ ಕುರ್ಚಿಯಿಂದ ಏಳಲಿಲ್ಲ.

"ಡಾಕ್ಟ್ರಮ್ಮ, ಒಂದು ಮಾತು. ನಿನ್ನೆ ಹೇಳಿದಂಗೇ ಇವತ್ತೂ ಹೇಳ್ದೆ ಅಂದ್ಕೊಂಡಿದ್ದೆ. ನಿನ್ನೆ ಹಸಿರು, ಇವತ್ತು ಕೆಂಪು. ನನ್ನ ಮೂಗು ನೆಟ್ಟಗೈತೆ ಅಂತ ನೀವೇ ಹೇಳಿದ್ರಿ. ಹಂಗಾದ್ರೆ ಆ ವ್ಯತ್ಯಾಸ ಎಲ್ಲಿಂದ ಬಂತು?"

"ಅಮ್ಮಾ, ಅಣಕಿಸೋವಾಗ ಸ್ವಲ್ಪ ಹೆಚ್ಚುಕಮ್ಮಿ ಆಗೇ ಆಗ್ತೈತೆ."

"ಹೆಚ್ಚಾಗ್ತೈತೆ. ಅದು ನಿಜ. ಇದ್ದದ್ದನ್ನ ನಾನು ಎರಡು ಪಟ್ಟು ಮಾಡ್ತೀನಿ. ಆದ್ರೆ ಇಲ್ಲದ್ದನ್ನ ತರಾಕೆ ನನಗೆ ಬರಲ್ಲ." ಅವರು ಗಂಡನ ಕಡೆ ನೋಡಿದರು. "ನಿನ್ನೆ ಸಂಜೆ ಇವರು 'ಮಂಗಳಾ, ನೀರು' ಅಂದ್ರು. ಆ 'ಮಂ' ಎಲ್ಲೋ ಒಂಚೂರು ತಡೆದು ಬಂತು. ತಲೆಗೆ ಗೊತ್ತಾಗಿರಲಿಲ್ಲ ನನಗೆ. ಈಗ ಯೋಚನೆ ಮಾಡಿದ್ರೆ, ಬೆಳಿಗ್ಗೆ ನನ್ನ ನಾಲಿಗೆ ಅದನ್ನೇ ಹಿಡ್ಕೊಂಡು ಎಳೆದೈತೆ. ಇವರ ಮೂಗಿನಾಗೂ ಆ ಕೊಳವೆ ಹಾಕಿ ನೋಡ್ರಿ."

"ಏ, ಹಸಿರು ಬಂತಲ್ಲ ಮಾರಾಯ್ತಿ! ಕೇಸು ಖುಲಾಸೆ ಆಗೈತೆ, ನಡಿ," ಎಂದರು ಮುರಿಗೇಂದ್ರಪ್ಪನವರು.

ಡಾಕ್ಟರ್ ನಫೀಸಾ ಹಸಿರು ದೀಪವನ್ನೂ ಸರ್ವಮಂಗಳಮ್ಮನವರನ್ನೂ ನೋಡಿದರು. ಒಂದು ಕಡೆ ಐದು ವರ್ಷದ ತಮ್ಮದೇ ಯಂತ್ರ, ಇನ್ನೊಂದು ಕಡೆ ಮಿಕ್ಸಿಯನ್ನು ಅಣಕಿಸುವ ಹೆಂಗಸು. "ಯಜಮಾನ್ರೇ, ಸತ್ಯವನ್ನೇ ಹೇಳ್ರಿ. ಮುಖದಾಗೆ ಏನಾದ್ರೂ ಬೇರೆ ಥರ ಆಗೈತಾ?"

ಪ್ರಮಾಣದ ಮಾತು ಕೇಳಿದ್ದೇ ಮುರಿಗೇಂದ್ರಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು. "ಅಂಥದ್ದೇನಿಲ್ಲ... ನೆನ್ನೆ ಕ್ಷೌರ ಮಾಡ್ಕೊಳ್ಳುವಾಗ ಎಡಗೆನ್ನೆ ಮೇಲೆ ಬ್ಲೇಡು ಹೋಗಿದ್ದೇ ಗೊತ್ತಾಗಲಿಲ್ಲ. ಹೊಸ ಬ್ಲೇಡು ಬಲು ನುಣ್ಣಗೈತೆ ಅಂದ್ಕೊಂಡೆ."

ಡಾಕ್ಟರ್ ಮರುಮಾತಾಡದೆ ಕೊಳವೆ ಕೈಗೆತ್ತಿಕೊಂಡರು. ಎಡಮೂಗಿನ ಆಳದಲ್ಲಿ, ಗಾಳಿಗೂಡಿನ ಬಾಗಿಲಲ್ಲಿ, ಸಾಸಿವೆಯಷ್ಟು ಕಪ್ಪು ಚುಕ್ಕೆ. ಅದರ ಸುತ್ತ ಬೂದಿ ಬಣ್ಣ. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಅಡ್ಡಾದಿಡ್ಡಿ ಕವಲೊಡೆದ ಎಳೆಗಳು ಕಂಡವು.

"ಅಂಗಳದ ಮಂಗಣ್ಣ ಅಂಗುಳಕ್ಕೇ ಬಂದ್ನಲ್ಲ," ಎಂದರು ಮುರಿಗೇಂದ್ರಪ್ಪನವರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ. "ಡಾಕ್ಟ್ರೇ, ಅಂಗುಳ ಹೋದ್ರೆ ಹೆಸರು ಕೂಗಾಕೆ ಆಗಲ್ಲ, ಅಲ್ವಾ?"

"ಕೂಗಿದ್ರೂ ಮಾತು ಮೂಗಿನಾಗಿಂದ ಸೋರಿಹೋಗ್ತೈತೆ. ಉಳಿಸಾಕೆ ನೋಡ್ತೀನಿ. ಒಳಗೆ ಹೋಗಿ ನೋಡೋವರೆಗೂ ಮಾತು ಕೊಡಲ್ಲ."

ಅದೇ ಮಧ್ಯಾಹ್ನ ಶಸ್ತ್ರಚಿಕಿತ್ಸೆ. ಗಾಲಿಮಂಚ ಒಳಗೆ ಹೋಗುವ ಮುನ್ನ ಅವರು ಹೆಂಡತಿಯ ಕೈ ಹಿಡಿದು ಮೆಲ್ಲಗೆ, ತಮಗೆ ಸಾಧ್ಯವಿದ್ದಷ್ಟು ಮೆಲ್ಲಗೆ, ಹೇಳಿದರು: "ನನ್ನ ದನಿ ನಿನ್ನ ಹತ್ರ ಒಂದು ಪ್ರತಿ ಐತಲ್ಲ. ಜೋಪಾನ."

"ನಿಮ್ಮದು ನೀವೇ ಇಟ್ಕೊಳ್ರಿ. ದಿನಾ ಕೂಗಿ ಕೂಗಿ ನನ್ನ ಗಂಟಲು ಹೋಗೈತೆ," ಎಂದು ಸರ್ವಮಂಗಳಮ್ಮ ಗದರಿದರು. ಬಾಗಿಲು ಮುಚ್ಚಿದ ಮೇಲೆ ಅವರು ಎರಡು ಗಂಟೆ ಯಾರ ದನಿಯಲ್ಲಿಯೂ ಮಾತಾಡಲಿಲ್ಲ.

ಅಂಗುಳ ಉಳಿಯಿತು. ಒಂದು ತೆಳ್ಳನೆಯ ಮೂಳೆ ಹೋಯಿತು, ಮೂರು ವಾರ ರಕ್ತನಾಳದ ಮೂಲಕ ಮದ್ದು ಹರಿಸಬೇಕಾಯಿತು, ಸಕ್ಕರೆಯನ್ನು ಹಗ್ಗ ಹಾಕಿ ಕಟ್ಟಬೇಕಾಯಿತು. ಎರಡು ತಿಂಗಳ ಮೇಲೆ ಮುರಿಗೇಂದ್ರಪ್ಪನವರು ಕೋರ್ಟಿಗೆ ಮರಳಿ ಮೊದಲ ಹೆಸರು ಕೂಗಿದರು. ಆ ಕೂಗಿಗೆ ಕಕ್ಷಿದಾರನ ಜೊತೆಗೆ ಇನ್ನೂ ನಾಲ್ವರು ಎದ್ದು ಬಂದರಂತೆ, ದನಿ ಕೇಳಿ ಸಂತೋಷವಾಗಿ.

ಅಷ್ಟರಲ್ಲಿ ಡಾಕ್ಟರ್ ನಫೀಸಾ ತಮ್ಮ ಯಂತ್ರ ಸೋತದ್ದೆಲ್ಲಿ ಎಂದು ಕಂಡುಕೊಂಡಿದ್ದರು. ಕೂಗಿ ಪಳಗಿದ ಗಂಟಲು ಮೂಗು ಕಟ್ಟಿದರೆ ದನಿಯನ್ನು ಬಾಯಿಯ ಕಡೆಗೆ ತಿರುಗಿಸಿ ಕೊರತೆ ಮುಚ್ಚುತ್ತದೆ. ಪಳಗದವರೂ ಅಷ್ಟೇ: ಪರೀಕ್ಷೆಯೆಂದರೆ ರೋಗಿ ಗಂಟಲು ಸರಿಪಡಿಸಿಕೊಂಡು, ಡಾಕ್ಟರ ಮುಂದೆ ತನ್ನ ನಿಜಸ್ಥಿತಿಗಿಂತ ಚೆನ್ನಾಗಿ ಮಾತಾಡುತ್ತಾನೆ. ಅಣಕಿಸುವವರು ಇದಕ್ಕೆ ತದ್ವಿರುದ್ಧ. ಅವರು ಕೊರತೆಯನ್ನೇ ಹುಡುಕಿ ದೊಡ್ಡದು ಮಾಡುತ್ತಾರೆ. ಸರ್ವಮಂಗಳಮ್ಮ ಒಂದು ವರ್ಧಕ ಮಸೂರ. ಕಿವಿಯಲ್ಲಿ ಹಿಡಿದು ನಾಲಿಗೆಯಲ್ಲಿ ತೋರಿಸುವ ಮಸೂರ.

ಹೀಗೆ 'ಅಣಕುಗಾವಲು' ಜಾರಿಗೆ ಬಂತು. ಮಾಗಿಜ್ವರದಿಂದ ಚೇತರಿಸಿಕೊಳ್ಳುವವರ ಪರವಾಗಿ, ಜೊತೆಯಲ್ಲಿ ವಾಸಿಸುವ ಒಬ್ಬರು ದಿನಾ ಬೆಳಿಗ್ಗೆ ಡಬ್ಬಿಯ ಮುಂದೆ ಅವರನ್ನು ಅಣಕಿಸಬೇಕು. ಊರಿಗೆ ಊರೇ ಏಳು ಗಂಟೆಗೆ ಬೇರೆಯವರ ದನಿಯಲ್ಲಿ ಮಂಗಣ್ಣನಿಗೆ ಅನ್ನ ನುಂಗಿಸತೊಡಗಿತು. ಹಾಸ್ಟೆಲಿನ ಹುಡುಗಿಯರು ವಾರ್ಡನ್ನನ್ನು ಅವರ ಎದುರಿಗೇ ಅಣಕಿಸಿದರು. ಸೊಸೆಯಂದಿರು "ಡಾಕ್ಟ್ರು ಹೇಳ್ಯಾರೆ ಅತ್ತೆ, ನಾನೇನ್ ಮಾಡ್ಲಿ?" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡು ಕರ್ತವ್ಯ ಪಾಲಿಸಿದರು. ಆ ಚಳಿಗಾಲ ಡಾಕ್ಟರ್ ನಫೀಸಾರ ಆಸ್ಪತ್ರೆಯಲ್ಲಿ ಒಂದು ಅಂಗುಳವನ್ನೂ ಕತ್ತರಿಸಬೇಕಾಗಲಿಲ್ಲ.

ಯಾರೂ ಊಹಿಸದ ಒಂದು ಸಂಗತಿ ಮಾತ್ರ ಅಂಕಿಅಂಶದ ಹಾಳೆಯಲ್ಲಿ ಕಂಡಿತು. ಹೆಂಡತಿ ಗಂಡನನ್ನು ಅಣಕಿಸಿದರೆ ಹತ್ತರಲ್ಲಿ ಎಂಟು ಸಲ ಡಬ್ಬಿ ಗುರುತು ಹಿಡಿಯುತ್ತಿತ್ತು. ಗಂಡ ಹೆಂಡತಿಯನ್ನು ಅಣಕಿಸಿದರೆ ಹತ್ತರಲ್ಲಿ ಒಂದು ಸಲ, ಅದೂ ಅನುಮಾನದಿಂದ.

ಮುಂದಿನ ಮಾಗಿ ಹತ್ತಿರವಾದಾಗ, ಸಕ್ಕರೆ ಗಡಿಯಲ್ಲಿದ್ದ ಸರ್ವಮಂಗಳಮ್ಮನವರ ಹೆಸರು ಅಪಾಯದ ಪಟ್ಟಿಗೆ ಸೇರಿತು. ಆಕೆಯ ಅಣಕುಗಾರನಾಗಿ ಮುರಿಗೇಂದ್ರಪ್ಪನವರು ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕಿತ್ತು. ಎದೆಯುಬ್ಬಿಸಿ ಆಸ್ಪತ್ರೆಗೆ ಬಂದು, ಹೆಂಡತಿಯ ದನಿ ತುಂಬಿಸಿದ್ದ ಡಬ್ಬಿಯ ಮುಂದೆ ಕುಳಿತು, ದನಿಯನ್ನು ಸೀಳಿ, ಕತ್ತು ಕೊಂಕಿಸಿ, "ಏನ್ರೀ, ಕಾಫಿ ಆರಿಹೋಗ್ತೈತೆ ಬರ್ರೀ!" ಎಂದು ಕಿರುಚಿದರು.

"ಗುರುತು ಸಿಗಲಿಲ್ಲ," ಎಂದಿತು ಡಬ್ಬಿ.

ಏಳು ಸಲ ಆಯಿತು. "ಇವಳು ಹಿಂಗೇ ಮಾತಾಡೋದು ಡಾಕ್ಟ್ರೇ! ನಿಮ್ಮ ಡಬ್ಬಿ ಕೆಟ್ಟೈತೆ."

"ಯಜಮಾನ್ರೇ, ಅವರು ಹಿಂಗೆ ಮಾತಾಡಿದ್ದನ್ನ ನಾನಂತೂ ಒಂದಿನವೂ ಕೇಳಿಲ್ಲ."

ಸಾವಿರಾರು ಅಪರಿಚಿತರ ಹೆಸರನ್ನು ಮೂರು ಮೂರು ಸಲ ಕೂಗಿದವರು ಮುರಿಗೇಂದ್ರಪ್ಪನವರು. ಹೆಂಡತಿಯ ಮಾತು ಕೊನೆಯಲ್ಲಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದವರೇ ಅಭ್ಯಾಸಕ್ಕೆಂದು ಆಸ್ಪತ್ರೆಯಿಂದ ತಂದ ಅದೇ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಹೆಂಡತಿಯ ಎದುರು ಕುಳಿತರು.

"ಮಾತಾಡು."

"ಏನ್ ಮಾತಾಡ್ಲಿ?"

"ಏನಾದ್ರೂ. ನಾನು ಬಾಯಿ ಹಾಕಲ್ಲ."

ಸರ್ವಮಂಗಳಮ್ಮ ಅನುಮಾನದಿಂದ ನೋಡಿದರು. ಆಮೇಲೆ ಅವರೆಕಾಯಿ ಬಿಡಿಸುತ್ತ ಶುರುಮಾಡಿದರು. ಮೇಲಿನ ಮನೆಯವರ ನೀರಿನ ಟ್ಯಾಂಕು, ತಂಗಿಯ ಮಗಳಿಗೆ ನೋಡಿದ ಗಂಡು, ಮೆಟ್ಟಿಲು ಹತ್ತುವಾಗ ಬಲಮೊಣಕಾಲು ಹಿಡಿಯುವುದು. ಮುರಿಗೇಂದ್ರಪ್ಪನವರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಅಲ್ಲಿ ಕಣ್ಣು ಬಿಟ್ಟರು.

"ಮೊಣಕಾಲು ಯಾವಾಗಿಂದ?"

"ಮೂರು ವರ್ಷ ಆತು. ಹೇಳಿದ್ನಲ್ಲ."

ಸಿಟ್ಟಿಲ್ಲದ ಮಾತು. ಕೊನೆಯಲ್ಲಿ ಏರದೆ ಮೆಲ್ಲಗೆ ಇಳಿದು, ನೆಲಕ್ಕೆ ಕೂತುಬಿಡುವ ಮಾತು. ಮುರಿಗೇಂದ್ರಪ್ಪನವರು ಅದನ್ನು ಮನಸ್ಸಿನಲ್ಲಿ ಎರಡು ಸಲ ಕೇಳಿಸಿಕೊಂಡರು. ಆಮೇಲೆ ದನಿ ಸೀಳದೆ, ಕತ್ತು ಕೊಂಕಿಸದೆ, ತಮ್ಮಷ್ಟಕ್ಕೆ ಅಂದುನೋಡಿದರು.

"ಹೇಳಿದ್ನಲ್ಲ."

ಮೇಜಿನ ಮೇಲಿನ ದೀಪ ಮಿನುಗಿತು. ಹಸಿರಾಯಿತು.

"ಸರ್ವಮಂಗಳಮ್ಮನವರೇ," ಎಂದಿತು ಡಬ್ಬಿ, "ಕೇಳಿಸುತ್ತಿದೆ. ಮುಂದುವರಿಸಿ."